ಹೊರಗಿನಿಂದ ತಂದ ಕಾಳು

ಹತ್ತು ವರ್ಷ ನಾನು ಹೋಮ್‌ಬ್ರೂ ಅಂಗಡಿಗಳಲ್ಲಿ ಕೆಲಸ ಮಾಡಿದೆ. ಏಳು ವರ್ಷ ಸಿಡ್ನಿಯಲ್ಲಿ, ಮೂರು ವರ್ಷ ಮೆಲ್ಬರ್ನ್‌ನಲ್ಲಿ. ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿಗಳವು. ಅಷ್ಟು ವರ್ಷಗಳಲ್ಲಿ ಗಿರಾಕಿಗಳು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಬಿಯರಿನದ್ದಲ್ಲ. "ಇದೊಂದು ಚೂರು ಮಿಲ್ ಮಾಡಿ ಕೊಡ್ತೀರಾ?" ಎಂಬುದು. ಹೆಗಲ ಮೇಲೆ ಬೇರೆಲ್ಲೋ ಕೊಂಡ ಕಾಳಿನ ಮೂಟೆ, ಮುಖದ ಮೇಲೆ ಒಂದು ನಗು. ಆ ನಗು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಈಚೆಗೆ ನಮ್ಮ ಚರ್ಚಿನ ಪರಿಚಯದ ಹುಡುಗಿಯೊಬ್ಬಳು ಇಂಥದೇ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. "ಹೇಗಿರುತ್ತೆ ಲೀನಾ ಆಂಟಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಲು ಕುಳಿತರೆ ಮುಗಿಯುವುದಿಲ್ಲ, ಬರೆದು ಕೊಡುತ್ತೇನೆ ಎಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳಮ್ಮ ಓದಿ ಹೇಳಲಿ. ನನ್ನ ಮನೆಮಾತು ಕೊಂಕಣಿಯಾದರೂ ಕಲಿತದ್ದು ಕನ್ನಡ ಶಾಲೆಯಲ್ಲಿ. ಸಿಟ್ಟು ಬಂದಾಗ ನೆಟ್ಟಗೆ ಬರೆಯಲು ಬರುವುದು ಈ ಭಾಷೆಯಲ್ಲಿ ಮಾತ್ರ.

ಮಂಗಳೂರಿನಲ್ಲಿ ನಾನು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಗಂಡ ವಲೇರಿಯನ್ ನರ್ಸ್. ಅವರಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಬಾಡಿಗೆ ಫ್ಲಾಟಿಗೆ ಬಂದೆವು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನೂ ಕೆಲಸ ಹುಡುಕಿದೆ. ಬಸ್ಸಿನ ದಾರಿಯಲ್ಲಿದ್ದ ಹೋಮ್‌ಬ್ರೂ ಅಂಗಡಿಯ ಕಿಟಕಿಯಲ್ಲಿ "ಕೆಲಸಕ್ಕೆ ಬೇಕಾಗಿದ್ದಾರೆ" ಎಂಬ ಚೀಟಿ ಕಂಡು ಒಳಗೆ ಹೋದೆ. ಯಜಮಾನ ಗ್ರಹಾಂ ಎಂಬ ಅರವತ್ತರ ಆಸುಪಾಸಿನ ಗಂಡಸು. ಒಂದು ಗಾಜಿನ ಕೊಳವೆ ತೋರಿಸಿ ಇದೇನು ಎಂದು ಕೇಳಿದ. "ಹೈಡ್ರೋಮೀಟರ್. ದ್ರವದ ಸಾಂದ್ರತೆ ಅಳೆಯುವುದು. ನಿಮ್ಮದು ಬಿರುಕು ಬಿಟ್ಟಿದೆ," ಎಂದೆ. ಸೋಮವಾರದಿಂದ ಬಾ ಎಂದ.

ಆಗ ಕೆಲಸ ಸುಲಭವಿತ್ತು. ಡಬ್ಬಿಯಲ್ಲಿ ಬರುವ ಮಂದ ಪಾಕಕ್ಕೆ ಬಿಸಿನೀರು, ಸಕ್ಕರೆ, ಈಸ್ಟ್ ಸೇರಿಸಿ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಮುಚ್ಚಿಟ್ಟರೆ ಬಿಯರ್ ಆಗುತ್ತಿತ್ತು. ಕನ್ನಡದವರು ಸೇರಿದ ಕಡೆ "ನಿಮ್ಮ ಮಿಸೆಸ್ ಎಲ್ಲಿ ಕೆಲಸ?" ಎಂದು ಯಾರಾದರೂ ಕೇಳಿದರೆ ವಲೇರಿಯನ್ "ಫುಡ್ ಲೈನ್" ಎಂದು ಮಾತು ಬದಲಿಸುತ್ತಿದ್ದರು.

ಎರಡು ಮೂರು ವರ್ಷಗಳಲ್ಲಿ ಎಲ್ಲ ಬದಲಾಯಿತು. ಇಂಟರ್ನೆಟ್ ಓದಿದ ಗಂಡಸರಿಗೆಲ್ಲ ಡಬ್ಬಿ ಬೇಡವಾಯಿತು, ಕಾಳಿನಿಂದಲೇ ಶುರುಮಾಡಬೇಕು ಎಂಬ ಹಟ ಬಂತು. ಕಾಳೆಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದೇ ಮಾಲ್ಟ್. ಅದನ್ನು ಒಡೆಯಲು ಗ್ರಹಾಂ ಎರಡು ರೋಲರಿನ ಒಂದು ಮಿಲ್ ತಂದು ಹಿಂಬದಿಯ ಕೋಣೆಯಲ್ಲಿ ಕೂರಿಸಿದ. ಜೊತೆಗೆ ಅವನ ಹಳೆಯ ಕೈಗಿರಣಿಯೊಂದಿತ್ತು. ನುಣ್ಣಗೆ ಬೇಕಾದ ಗೋಧಿ, ಗೋಧಿಯ ಜಾತಿಯದೇ ಆದ ರೈ ಮುಂತಾದವನ್ನು ಅದರಲ್ಲಿ ಹಾಕುತ್ತಿದ್ದೆವು. ಅಂಗಡಿಯ ಹೊರಗೆ ದೊಡ್ಡ ಅಕ್ಷರದಲ್ಲಿ "ಮಾಲ್ಟ್" ಎಂದು ಬರೆಸಿದ. ಮರುವಾರವೇ ಬೆಂಗಳೂರಿನ ಅಂಕಲ್ ಒಬ್ಬರು ಒಳಗೆ ಬಂದು, "ರಾಗಿ ಮಾಲ್ಟ್ ಇದೆಯೇನಮ್ಮ? ಬಾದಾಮಿ ಹಾಕಿದ್ದು?" ಎಂದು ಕೇಳಿದರು. ಇಲ್ಲ ಎಂದೆ. ಸುತ್ತಲಿನ ಬಾಟಲಿಗಳನ್ನು ನೋಡಿ ಮುಖ ಹುಳ್ಳಗೆ ಮಾಡಿಕೊಂಡು, ಬಂದ ದಾರಿ ಹಿಡಿದರು.

ಮಿಲ್ ಬಂದದ್ದೇ ನನ್ನ ನೆಮ್ಮದಿ ಹೋಯಿತು. ಇಂಟರ್ನೆಟ್ಟಿನ ಫೋರಂಗಳಲ್ಲಿ ಹತ್ತು ಹದಿನೈದು ಜನ ಸೇರಿ ಎಲ್ಲಿಂದಲೋ ಸಗಟಾಗಿ ಮೂಟೆ ತರಿಸಿ ಹಂಚಿಕೊಳ್ಳುತ್ತಿದ್ದರು. ಆದರೆ ಮಿಲ್ ಯಾರ ಮನೆಯಲ್ಲೂ ಇಲ್ಲ. ಶನಿವಾರ ಬೆಳಿಗ್ಗೆ ಸಾಲಾಗಿ ನಮ್ಮಲ್ಲಿಗೆ ಬರುತ್ತಿದ್ದರು. ಕೆವಿನ್ ಎಂಬ ಪ್ಲಂಬರ್ ತಂದ ಮೂಟೆಯ ತುಂಬ ಹುಳ. ಅದನ್ನು ಮಿಲ್ಲಿಗೆ ಸುರಿದ ಮೇಲೆ ಹುಳ ಅವನ ಜೊತೆ ಹೋಗಲಿಲ್ಲ, ನಮ್ಮ ಮೂಟೆಗಳಿಗೆ ಹತ್ತಿತು. ಎರಡು ವಾರ ಜರಡಿ ಹಿಡಿದವಳು ನಾನು. ಇನ್ನೊಬ್ಬನ ಕಾಳಿನಲ್ಲಿ ನಟ್ಟು ಇತ್ತು. ರೋಲರಿಗೆ ಗೀರು ಬಿತ್ತು. "ನಿಮ್ಮ ಮಿಲ್ ಚೆನ್ನಾಗಿಲ್ಲ" ಎಂದು ಅವನೇ ನನಗೆ ಬುದ್ಧಿ ಹೇಳಿ ಹೋದ. ಬಟ್ಟೆಚೀಲದಲ್ಲಿ ಕಾಳು ನೆನೆಸುವ ಹೊಸ ವಿಧಾನ ಬಂದ ಮೇಲೆ ಅರ್ಧ ಜನಕ್ಕೆ ನುಣ್ಣಗೆ ಬೇಕು, ಅರ್ಧ ಜನಕ್ಕೆ ತರಿತರಿಯಾಗಿ ಬೇಕು. ಬಿಯರ್ ನೀರಾದರೆ ತಪ್ಪು ಯಾರದ್ದು? ಮಿಲ್ ಮಾಡಿದವಳದ್ದು.

"ಗ್ರಹಾಂ, ನಮ್ಮ ಹತ್ತಿರ ಕೊಂಡ ಕಾಳು ಮಾತ್ರ ಮಿಲ್ ಮಾಡೋಣ," ಎಂದು ನಾನು ಎಷ್ಟು ಸಲ ಹೇಳಿದೆನೋ.

"ಮಿಲ್ ಮಾಡಿಸಲು ಬಂದವನು ಈಸ್ಟ್ ಕೊಳ್ಳುತ್ತಾನೆ ಲೀನಾ. ಬಾಗಿಲು ಹಾಕಿದರೆ ಅದೂ ಇಲ್ಲ. ನೋ ವರೀಸ್," ಎನ್ನುತ್ತಿದ್ದ. ವರಿಯೆಲ್ಲ ನನ್ನ ಪಾಲಿಗಿತ್ತು, ಹಾಗಾಗಿ ಅವನಿಗೆ ಇರಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಗೊಂದಲವಿತ್ತು. ನಮ್ಮ ಊರಿನಲ್ಲಿ ಗಿರಣಿಯವನು ಕಾಳು ಮಾರುತ್ತಿರಲಿಲ್ಲ. ಜನ ತಂದದ್ದನ್ನು ಬೀಸಿ ಕೊಡುವುದೇ ಅವನ ಕೆಲಸ. "ಮೆಣಸಾ ಬಾಯಮ್ಮ? ಕೊನೆಗೆ ಇಡಿ," ಎಂದು ನನ್ನ ಅಮ್ಮನ ಡಬ್ಬದ ಮುಚ್ಚಳ ತೆಗೆದು ನೋಡಿಯೇ ಸರದಿ ಹಚ್ಚುತ್ತಿದ್ದ. ಕಾಳು ತಂದವರನ್ನು ಬೀಸದೆ ಹಿಂದೆ ಕಳಿಸುವುದು ನನ್ನ ಮಟ್ಟಿಗೆ ಸಣ್ಣತನ. ಹಾಗಾಗಿ ಬೈದುಕೊಳ್ಳುತ್ತಲೇ ಎಲ್ಲರದ್ದನ್ನೂ ಬೀಸಿದೆ.

ಅಂಥ ಒಂದು ಶನಿವಾರ ಮಧು ಬಂದ. ಎಪ್ಪಿಂಗ್‌ನಲ್ಲಿ ಮನೆ, ಐಟಿ ಕೆಲಸ, ಊರು ಮೈಸೂರು. ಕೈಯಲ್ಲಿ ಸ್ಟೀಲ್ ಡಬ್ಬ. ನನ್ನ ಹೆಸರುಪಟ್ಟಿ ನೋಡಿ, ಅನುಮಾನಿಸುತ್ತಲೇ "ಕನ್ನಡ ಬರತ್ತಾ ಆಂಟಿ?" ಎಂದು ಕೇಳಿದ. ಡಬ್ಬದಲ್ಲಿ ಮೊಳಕೆ ಬರಿಸಿ ಒಣಗಿಸಿದ ರಾಗಿ. ಊರಿನಿಂದ ಬಂದಿದ್ದ ತಾಯಿ ರಾಜಮ್ಮ ತಯಾರು ಮಾಡಿದ್ದಂತೆ. ಮನೆಯ ಮಿಕ್ಸಿಯಲ್ಲಿ ತರಿಯಾಗುತ್ತದೆ, ನುಣ್ಣಗೆ ಹಿಟ್ಟು ಮಾಡಿಕೊಡಬೇಕು ಎಂದ. ಕೌಂಟರಿನಲ್ಲಿ ಆರು ಜನ ನಿಂತಿದ್ದರು. ಫೋನು ಹೊಡೆದುಕೊಳ್ಳುತ್ತಿತ್ತು. ಒಬ್ಬ ತನ್ನ ಮೂಟೆಯನ್ನು ದಾರಿಯಲ್ಲೇ ಇಟ್ಟು ನನ್ನ ಕಾಲಿಗೆ ತಾಗಿಸಿದ್ದ.

"ಇಲ್ಲಿ ಗೋಧಿ ಹಿಟ್ಟು ಬೀಸಲ್ಲ ತಾನೇ ಆಂಟಿ?" ಎಂದು ಮಧು ಕೇಳಿದ.

"ಇಲ್ಲ ಮಾರಾಯರೇ, ಇಲ್ಲಿ ಹಿಟ್ಟೇ ಬೀಸುವುದಿಲ್ಲ. ಇದು ಬಿಯರ್ ಅಂಗಡಿ. ನಿಮಗೋಸ್ಕರ ಈಗ ಬೀಸಬೇಕಷ್ಟೆ," ಎಂದೆ.

ಅವನ ಮುಖದಲ್ಲಿ ಸಮಾಧಾನ ಕಂಡಿತು. ಬಿಯರ್ ಅಂಗಡಿಯವಳಿಗೆ ಹಿಟ್ಟಿನ ಕೆಲಸ ಹಚ್ಚಿದ್ದಕ್ಕೆ ನಾಚಿಕೊಂಡಿದ್ದ, ನಾನು ಒಪ್ಪಿದ್ದಕ್ಕೆ ಸಮಾಧಾನವಾಯಿತು ಎಂದುಕೊಂಡೆ. ಯಾಕೆ ಕೇಳುತ್ತೀರಿ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಕೈಗಿರಣಿಗೆ ಬ್ರಷ್ ಆಡಿಸಿ ರಾಗಿ ಸುರಿದೆ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಬರತೊಡಗಿದ. ಹೊರಗಿನ ಕಾಳಿನಲ್ಲಿ ನಾನು ಸಿಟ್ಟಿಲ್ಲದೆ ಬೀಸಿದ್ದು ಅದೊಂದೇ. ಮೊಳಕೆ ರಾಗಿಯ ಹಸಿ ಪರಿಮಳಕ್ಕೆ ಹಿಂಬದಿಯ ಕೋಣೆಯ ಹುಳಿ ವಾಸನೆ ಒಂದಿಷ್ಟು ಹೊತ್ತು ಅಡಗುತ್ತಿತ್ತು. ಮನೆಯಲ್ಲಿ ಮಗುವಿರಬೇಕು, ಗಂಜಿ ಮಾಡುತ್ತಾರೆ ಎಂದು ನಾನೇ ಊಹಿಸಿಕೊಂಡೆ. ಹೀಗೆ ಮೂರು ತಿಂಗಳು.

ಒಂದು ಮಂಗಳವಾರ ಬೆಳಿಗ್ಗೆ ಅದೇ ಸ್ಟೀಲ್ ಡಬ್ಬ ಹಿಡಿದು ಒಬ್ಬಳು ಹೆಂಗಸು ಬಂದಳು. ಮೂವತ್ತು ದಾಟಿರಲಿಕ್ಕಿಲ್ಲ. ಕೆನ್ನೆ ಒಳಸೇರಿತ್ತು, ಸ್ವೆಟರ್ ಹೆಗಲಿಂದ ಜಾರುತ್ತಿತ್ತು. "ನಾನು ಮಧು ವೈಫು, ಸ್ಮಿತಾ. ಅವ್ರಿಗೆ ಆಫೀಸಲ್ಲಿ ಮೀಟಿಂಗು, ಅದಕ್ಕೆ ನಾನೇ ಬಂದೆ," ಎಂದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಳಗೆ ಕರೆದುಕೊಂಡು ಹೋದೆ.

"ನೋಡಿ, ಬ್ರಷ್ ಹಾಕದೆ ನಾನು ಯಾರದ್ದನ್ನೂ ಬೀಸುವುದಿಲ್ಲ," ಎಂದು ಜಂಬದಿಂದಲೇ ಗಿರಣಿಯ ಬಾಯಿ ಉಜ್ಜಿದೆ. ಬಿಳಿಯ ಧೂಳು ಎದ್ದಿತು.

"ಏನ್ ಆಂಟಿ ಇದು, ಹಿಟ್ಟಾ?"

"ನಿನ್ನೆಯದ್ದು. ಒಬ್ಬರಿಗೆ ಗೋಧಿ ಹಾಕಿದ್ದೆ, ಆಮೇಲೆ ಸ್ವಲ್ಪ ಬಾರ್ಲಿ."

ಅವಳು ಡಬ್ಬ ಅಪ್ಪಿಕೊಂಡು ಹಿಂದೆ ಹಿಂದೆ ಸರಿದು ಬಾಗಿಲಲ್ಲಿ ನಿಂತಳು. ಗೋಡೆಗೆ ಒರಗಿಸಿದ್ದ ಮೂಟೆಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದಳು. ಬಾರ್ಲಿ, ಗೋಧಿ, ರೈ. "ಇದ್ರಲ್ಲೇ ಬೀಸ್ತಿದ್ರಾ? ಪ್ರತಿ ಸಲಾನೂ?" ಎಂದು ಕೇಳಿದಳು.

"ಹೌದು. ಯಾಕೆ, ಎಂತ ಆಯ್ತು?"

"ನಂಗೆ ಸೀಲಿಯಾಕ್ ಇದೆ ಆಂಟಿ."

ನರ್ಸಿನ ಹೆಂಡತಿಗೆ ಆ ಹೆಸರು ಗೊತ್ತಿತ್ತು. ಗೋಧಿ, ಬಾರ್ಲಿ, ರೈ ಇವುಗಳಲ್ಲಿರುವ ಗ್ಲುಟೆನ್ ಕರುಳಿಗೆ ಆಗದ ಕಾಯಿಲೆ. ಒಂದು ಚಿಟಿಕೆ ಹಿಟ್ಟು ಸೇರಿದರೂ ಕೆಲವರು ಮಲಗಿಬಿಡುತ್ತಾರೆ. ನಾನು ಅಲ್ಲೇ ಇದ್ದ ಮೂಟೆಯ ಮೇಲೆ ಕುಳಿತೆ.

ಅವಳು ನಿಂತೇ ಹೇಳಿದಳು. ಡಾಕ್ಟರು ಕಾಯಿಲೆ ಪತ್ತೆಹಚ್ಚಿ ಐದು ತಿಂಗಳಾಗಿತ್ತು. ಮೊದಲೆರಡು ತಿಂಗಳು ಪಥ್ಯ ಮಾಡಿ ಸುಧಾರಿಸಿದ್ದಳು. ಪ್ಯಾಕೆಟ್ಟಿನ ಹಿಟ್ಟುಗಳಲ್ಲಿ ಗೋಧಿ ಸೇರಿರಬಹುದು ಎಂದು ಡಯಟಿಷಿಯನ್ ಎಚ್ಚರಿಸಿದ್ದರಿಂದ, ಅತ್ತೆ ಬಂದ ಮೇಲೆ ಇಡೀ ರಾಗಿ ತರಿಸಿ, ತೊಳೆದು, ಮೊಳಕೆ ಬರಿಸಿ, ಎಲ್ಲಿ ಬೀಸಿಸುವುದು ಎಂದು ಹುಡುಕಿ ನಮ್ಮಲ್ಲಿಗೆ ಬಂದಿದ್ದರು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ರೊಟ್ಟಿ. ಅಲ್ಲಿಂದ ಮತ್ತೆ ಹೊಟ್ಟೆನೋವು, ವಾಂತಿ. ರಕ್ತಪರೀಕ್ಷೆ ಮೊದಲಿಗಿಂತ ಕೆಟ್ಟಿತು. "ಬೇರೆ ಏನಾದರೂ ತಿನ್ನುತ್ತಿದ್ದೀರಾ?" ಎಂದು ಡಯಟಿಷಿಯನ್ ಕೇಳಿದರಂತೆ.

"ಅವತ್ತಿಂದ ಮನೇಲಿ ನಾನು ಕಳ್ಳಿ ಆಂಟಿ," ಎಂದಳು ಸ್ಮಿತಾ. "ಕದ್ದು ಬ್ರೆಡ್ ತಿಂತಾಳೆ ಅಂತ ಅತ್ತೆ. ಮಧು ಬಾಯ್ಬಿಟ್ಟು ಅನ್ನಲ್ಲ, ಬ್ಯಾಗ್ ನೋಡ್ತಾರೆ. ನಾನು ದೇವರ ಮೇಲೆ ಆಣೆ ಇಟ್ಟೂ ಆಯ್ತು. ಕೊನೆಗೆ ನಿದ್ದೇಲಿ ಎದ್ದು ತಿಂತಿದೀನೇನೋ ಅಂತ ನಂಗೇ ಅನ್ಸಕ್ಕೆ ಶುರುವಾಯ್ತು."

ಕನ್ನಡದಲ್ಲಿ ಬಾರ್ಲಿಗೆ ಜವೆಗೋಧಿ ಎನ್ನುತ್ತಾರೆ. ಆ ಶನಿವಾರ ಆ ಒಂದು ಪದ ನನ್ನ ನಾಲಿಗೆಗೆ ಬಂದಿದ್ದರೆ ಸಾಕಿತ್ತು, ಮಾಲ್ಟ್ ಎಂದರೆ ಬಾರ್ಲಿ ಎಂದು ತಿಳಿಯದ ಮಧುವಿನ ಕಿವಿಗೆ ಗೋಧಿ ಎಂಬುದು ಬೀಳುತ್ತಿತ್ತು. ಅವನು ಕೇಳಿದ್ದ. ಗೋಧಿ ಬೀಸುತ್ತೀರಾ ಎಂದು ನೇರವಾಗಿಯೇ ಕೇಳಿದ್ದ. ಬಿಯರಿಗೆಂದು ಒಡೆಯುವ ಗೋಧಿ ನನ್ನ ಲೆಕ್ಕದಲ್ಲಿ ಹಿಟ್ಟಲ್ಲ. ಅದಕ್ಕೇ ಇಲ್ಲ ಎಂದೆ. ಕೆವಿನ್‌ನ ಮೇಲೆ, ಗ್ರಹಾಂನ ಮೇಲೆ, ಕಾಲಿಗೆ ತಾಗಿದ ಮೂಟೆಯ ಮೇಲೆ ಇದ್ದ ಸಿಟ್ಟಿನಲ್ಲಿ ಇಲ್ಲ ಎಂದೆ.

"ನನ್ನಿಂದ ತಪ್ಪಾಯ್ತು," ಎಂದೆ.

"ನಂಗೆ ಸಾರಿ ಬೇಡ. ನೀವು ಮನೆಗೆ ಬಂದು ಇದನ್ನ ಹೇಳಿ. ನಾನು ಹೇಳಿದ್ರೆ ಇದೂ ಒಂದು ಕಥೆ ಅಂತಾರೆ."

ಸಂಜೆ ಬರುತ್ತೇನೆ ಎಂದು ಮಾತು ಕೊಟ್ಟೆ. ಮಧ್ಯಾಹ್ನ ಗ್ರಹಾಂ ಬಂದಾಗ ನಡೆದದ್ದನ್ನು ಹೇಳಿದೆ. ಅವನ ಮುಖ ಕೆಂಪೇರಿತು. "ಹೋಗಬೇಡ. ಒಂದು ಮಾತೂ ಆಡಬೇಡ. ಒಪ್ಪಿಕೊಂಡರೆ ನಾಳೆ ಲಾಯರು ಬಾಗಿಲಿಗೆ ಬರುತ್ತಾನೆ. ಹೋದರೆ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ," ಎಂದ.

"ಗ್ರಹಾಂ, ಆ ಹುಡುಗಿಯನ್ನು ಮನೆಯವರು ನಂಬುತ್ತಿಲ್ಲ."

"ಅದು ಅವರ ಮನೆ ವಿಷಯ."

ಅಂಗಡಿ ಮುಚ್ಚುವ ಹೊತ್ತಿಗೆ ನಾನು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದೆ. ವಲೇರಿಯನ್ ಕಾರು ತಂದರು. ದಾರಿಯುದ್ದಕ್ಕೂ ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನರ್ಸಿನ ಮನೆಯವಳಾಗಿ ಒಂದು ಪ್ರಶ್ನೆ ಕೇಳಲಿಲ್ಲವಲ್ಲ ಎಂದು ಅವರು ಯೋಚಿಸುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು.

ಎಪ್ಪಿಂಗ್‌ನ ಮೂರನೇ ಮಹಡಿಯ ಫ್ಲಾಟು. ಸೋಫಾದ ತುದಿಯಲ್ಲಿ ರಾಜಮ್ಮ, ಊಟದ ಮೇಜಿನ ಹತ್ತಿರ ಮಧು. ಸ್ಮಿತಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕಾಫಿ ಬೇಡವೆಂದು ಹೇಳಿ ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಆ ಗಿರಣಿಯಲ್ಲಿ ಗೋಧಿಯನ್ನೂ ಬಾರ್ಲಿಯನ್ನೂ ಒಡೆಯುತ್ತೇವೆ ಎಂದೆ. ಬ್ರಷ್ ಆಡಿಸಿದರೆ ಅದರ ಪುಡಿ ಪೂರ್ತಿ ಹೋಗುವುದಿಲ್ಲ, ಮೂರು ತಿಂಗಳೂ ಇವರ ರಾಗಿಗೆ ಅದು ಸೇರಿದೆ ಎಂದೆ.

ಮಧು ಎದ್ದು ನಿಂತ. "ನಾನು ಕೇಳಿದ್ದೆ ಅಲ್ವಾ ಆಂಟಿ? ಗೋಧಿ ಬೀಸ್ತೀರಾ ಅಂತ ಕೇಳಿದ್ದೆ ಅಲ್ವಾ?" ಎಂದು ದನಿ ಎತ್ತರಿಸಿದ.

"ಕೇಳಿದ್ದಿರಿ. ನಾನು ನೆಟ್ಟಗೆ ಉತ್ತರ ಹೇಳಲಿಲ್ಲ. ಯಾಕೆ ಅಂತ ನಿಮ್ಮನ್ನು ಕೇಳಲೂ ಇಲ್ಲ. ನಿಮ್ಮದೇನೂ ತಪ್ಪಿಲ್ಲ."

"ಇನ್ನೊಂದ್ ಸಲ ಹೇಳಿ ಆಂಟಿ," ಎಂದಳು ಸ್ಮಿತಾ. "ಅತ್ತೆಗೆ ಕಿವಿ ಸ್ವಲ್ಪ ಮಂದ. ಅವ್ರಿಗೆ ಕೇಳೋ ಹಾಗೆ ಹೇಳಿ."

ನಾನು ರಾಜಮ್ಮನವರ ಪಕ್ಕ ಕುಳಿತು ಜೋರಾಗಿ ಹೇಳಿದೆ. "ಅಮ್ಮಾ, ನಿಮ್ಮ ಸೊಸೆ ಕದ್ದು ಏನೂ ತಿನ್ನಲಿಲ್ಲ. ನೀವು ಮಾಡಿದ ರಾಗಿಯಲ್ಲೂ ದೋಷ ಇರಲಿಲ್ಲ. ನನ್ನ ಗಿರಣಿಯಿಂದ ಗೋಧಿ ಸೇರಿತು. ಅವಳು ಹೇಳಿದ್ದು ಅಷ್ಟೂ ನಿಜ."

ಆ ಹಿರಿಯ ಹೆಂಗಸು ತಮ್ಮ ಬಳೆ ತಿರುಗಿಸಿದರು. ಆಮೇಲೆ ಅವರು ನನ್ನನ್ನು ನೋಡದೆ ಸೊಸೆಯನ್ನು ನೋಡಿ, "ನಾನು ದಿನಾ ಬೆಳಿಗ್ಗೆ ಎದ್ದು ಬಿಸ್ಕತ್ ಎಣಿಸ್ತಿದ್ದೆ ಕಣೇ," ಎಂದರು. "ಒಂದು ದಿನಾನೂ ಕಮ್ಮಿ ಬರ್ಲಿಲ್ಲ. ಆದ್ರೂ ನಿನ್ನ ನಂಬಲಿಲ್ಲ."

ಸ್ಮಿತಾ ಒಳಗೆ ಹೋಗಿ, ಉಳಿದಿದ್ದ ರಾಗಿಹಿಟ್ಟಿನ ಡಬ್ಬ ತಂದು ಅತ್ತೆಯ ಎದುರಿಗೇ ಕಸದ ಬುಟ್ಟಿಗೆ ಸುರಿದಳು. ನಾನು ಹೊರಟಾಗ ಬಾಗಿಲತನಕ ಬಂದಳು. "ಬಂದಿದ್ದಕ್ಕೆ ಥ್ಯಾಂಕ್ಸ್. ಆದ್ರೆ ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ," ಎಂದಳು. ಹೋಗಬೇಕಾಗಿಯೂ ಇಲ್ಲ ಎಂದೆ.

ಮರುದಿನ ಕೆಲಸ ಹೋಯಿತು ಎಂದುಕೊಂಡೇ ಅಂಗಡಿಗೆ ಹೋದೆ. ಕೀಲಿಕೈ ವಾಪಸ್ ಕೊಡುವುದಿತ್ತು. ಗ್ರಹಾಂ ಅರ್ಧ ಗಂಟೆ ಕೂಗಾಡಿದ. ಅಷ್ಟರಲ್ಲಿ ಲಾರಿಯಲ್ಲಿ ಮಾಲು ಬಂತು. ಇಳಿಸಿಕೊಳ್ಳಲು ಬೇರೆ ಯಾರಿದ್ದರು? ಮೂಟೆ ಇಳಿಸುತ್ತ ಇಳಿಸುತ್ತ ಕೆಲಸದಿಂದ ತೆಗೆಯುವ ಮಾತು ಹಾಗೇ ಬಿದ್ದುಹೋಯಿತು. ಯಾವ ಲಾಯರೂ ಬರಲಿಲ್ಲ. "ಹೊರಗಿನ ಕಾಳು ಮಿಲ್ ಮಾಡುವುದಿಲ್ಲ" ಎಂದು ಅವನೇ ಬೋರ್ಡು ಬರೆದ. ಒಂದು ತಿಂಗಳು ಶನಿವಾರಗಳು ಬಣಗುಟ್ಟಿದವು. ಐದನೇ ವಾರ ಬೋರ್ಡು ಮಾಯ! ಇಷ್ಟೆಲ್ಲ ಆದ ಮೇಲೂ! ನಾನು ಜಗಳ ಮಾಡಿ, ಊಟದ ಕಾಳು ಮಾತ್ರ ಈ ಗಿರಣಿಗೆ ಬೀಳಕೂಡದು ಎಂದು ಇನ್ನೊಂದು ಬೋರ್ಡು ಬರೆಸಿದೆ. ಅದನ್ನು ಅವನು ಬಾಗಿಲ ಹಿಂದೆ, ಬಾಗಿಲು ತೆರೆದಾಗ ಯಾರಿಗೂ ಕಾಣದ ಜಾಗದಲ್ಲಿ ನೇತುಹಾಕಿದ. ಅಂದಿನಿಂದ ಮೂಟೆ ತಂದ ಪ್ರತಿಯೊಬ್ಬರನ್ನೂ ನಾನೇ ತಡೆದು ಕೇಳತೊಡಗಿದೆ. ಇದು ಏನು, ಏನು ಮಾಡುತ್ತೀರಿ, ಯಾರು ಕುಡಿಯುತ್ತಾರೆ. ಏರ್‌ಪೋರ್ಟಿನ ಕಸ್ಟಮ್ಸಿನವಳು ಎಂದು ಕೆವಿನ್ ಹೆಸರಿಟ್ಟ.

ಕೆಲವು ತಿಂಗಳ ನಂತರ ಮಧು ಒಮ್ಮೆ ಬಂದ, ಬರಿಗೈಯಲ್ಲಿ. ಸ್ಮಿತಾಳ ರಕ್ತಪರೀಕ್ಷೆ ಸರಿಬಂದಿತ್ತಂತೆ, ತೂಕ ಏರುತ್ತಿತ್ತಂತೆ. ಮನೆಗೇ ಒಂದು ಸಣ್ಣ ಗಿರಣಿ ತಂದಿದ್ದರು, ರಾಜಮ್ಮ ಊರಿಗೆ ಹೋಗುವ ಮುಂಚೆ ತಾವೇ ಎರಡು ಡಬ್ಬ ರಾಗಿ ಬೀಸಿಟ್ಟಿದ್ದರು. ಅತ್ತೆ ಸೊಸೆ ಮಾತಾಡುತ್ತಾರಾ ಎಂದು ಕೇಳಬೇಕೆನಿಸಿತು. ಆ ಪ್ರಶ್ನೆ ಕೇಳುವ ಹಕ್ಕು ನನಗಿರಲಿಲ್ಲ. ಸ್ಮಿತಾ ಮತ್ತೆಂದೂ ಬರಲಿಲ್ಲ.

ವಲೇರಿಯನ್‌ಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ಅಲ್ಲಿನ ಕ್ರೇಗಿಬರ್ನ್ ಬಡಾವಣೆಗೆ ಹೋದೆವು. ಅಲ್ಲಿಯ ಹೋಮ್‌ಬ್ರೂ ಅಂಗಡಿಯ ಯಜಮಾನಿ ಹೆಲೆನ್ ಗ್ರಹಾಂನ ತದ್ವಿರುದ್ಧ. ತನ್ನಲ್ಲಿ ಕೊಂಡ ಕಾಳನ್ನು ಬಿಟ್ಟು ಒಂದು ಕಾಳೂ ಅವಳ ಮಿಲ್ಲಿಗಾಗಲಿ ಹಿಟ್ಟಿನ ಗಿರಣಿಗಾಗಲಿ ಬೀಳುವಂತಿಲ್ಲ. ರಸೀದಿ ತೋರಿಸಬೇಕು. ಕೊನೆಗೂ ನೆಮ್ಮದಿ ಸಿಕ್ಕಿತು ಎಂದುಕೊಂಡೆ. ಎರಡು ವರ್ಷ "ಇಲ್ಲ, ರೂಲ್ಸ್ ಪ್ರಕಾರ ಆಗುವುದಿಲ್ಲ" ಎನ್ನುವುದು ಎಷ್ಟು ಹಾಯಾಗಿತ್ತು! ಗಿರಾಕಿಯ ಮುಖ ನೋಡುವ ಅಗತ್ಯವೂ ಇರಲಿಲ್ಲ.

ಆ ಕೆಲಸ ಬಿಡುವ ಸ್ವಲ್ಪ ಮುಂಚೆ ಹುಬ್ಬಳ್ಳಿ ಕಡೆಯ ಒಬ್ಬರು ಚೀಲ ಹಿಡಿದು ಬಂದರು. ನಲವತ್ತರ ಗಂಡಸು, ಟ್ಯಾಕ್ಸಿ ಓಡಿಸುತ್ತಿದ್ದರು. ಚೀಲದಲ್ಲಿ ಜೋಳ. "ಅಂಗಡ್ಯಾಗಿನ ಹಿಟ್ಟು ಹಳೇದ್ರೀ, ರೊಟ್ಟಿ ಹರೀತಾವ. ಅವ್ವ ಬಂದಾಳ, ರೊಟ್ಟಿ ಇಲ್ದ ಊಟಾನ ಮಾಡವಲ್ಲಳು. ಒಂಚೂರು ಬೀಸಿ ಕೊಡ್ರೀ ಅಕ್ಕಾರ," ಎಂದರು.

"ಇಲ್ಲ, ರೂಲ್ಸ್ ಪ್ರಕಾರ ಆಗುವುದಿಲ್ಲ," ಎಂದೆ.

ಅವರು ಜಗಳ ಮಾಡಲಿಲ್ಲ. "ಆತು ಬಿಡ್ರೀ," ಎಂದು ಚೀಲ ಹೆಗಲಿಗೇರಿಸಿ ಹೊರಟರು. ಬೇರೆ ಯಾವುದೋ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಯಾರೋ ಒಬ್ಬರು ಶನಿವಾರದ ಗಡಿಬಿಡಿಯಲ್ಲಿ ಏನೂ ಕೇಳದೆ ಬೀಸಿ ಕೊಡುತ್ತಾರೆ. ಅದು ಹೊಳೆದದ್ದೇ ನಾನು ಕೌಂಟರ್ ಬಿಟ್ಟು ಕಾರ್ ಪಾರ್ಕಿಗೆ ಓಡಿದೆ. ಮೊಣಕಾಲು ನೋವಿನಲ್ಲಿ ಓಡುವುದೆಂದರೆ ಏನು ಎಂದು ನನ್ನ ವಯಸ್ಸಿನವರಿಗೆ ಗೊತ್ತು.

"ಸ್ವಲ್ಪ ನಿಲ್ಲಿ ಮಾರಾಯರೇ! ನಿಮ್ಮ ಮನೆಯಲ್ಲಿ ಯಾರಿಗಾದರೂ ಗೋಧಿ ಆಗುವುದಿಲ್ಲವಾ? ಬಾರ್ಲಿ? ಯಾರಿಗಾದರೂ ಸೀಲಿಯಾಕ್ ಅಂತ ಡಾಕ್ಟರು ಹೇಳಿದ್ದಾರಾ? ಈ ಹಿಟ್ಟು ಯಾರಿಗಾದರೂ ಹಂಚುತ್ತೀರಾ?"

ಅವರು ಕಾರಿನ ಬಾಗಿಲು ಹಿಡಿದು ನನ್ನನ್ನೇ ನೋಡಿದರು. "ಇಲ್ರೀ. ಅವ್ವ, ನಾನು, ನನ್ನ ಹೆಂಡ್ತಿ ಅಷ್ಟ. ಎಲ್ಲಾರೂ ಚಪಾತಿನೂ ತಿಂತೀವಿ, ಬ್ರೆಡ್ಡೂ ತಿಂತೀವಿ. ಯಾಕ್ರೀ?"

"ನಮ್ಮ ಗಿರಣಿಯಲ್ಲಿ ಗೋಧಿ, ಬಾರ್ಲಿ ಒಡೆಯುತ್ತೇವೆ. ಅದರ ಪುಡಿ ನಿಮ್ಮ ಜೋಳಕ್ಕೆ ಸೇರುತ್ತದೆ. ತೊಂದರೆ ಇಲ್ಲವಾ?"

"ಏನೂ ಇಲ್ರೀ."

"ಹಾಗಾದರೆ ತನ್ನಿ," ಎಂದೆ.

ಅವರು ಅನುಮಾನದಿಂದಲೇ ಹಿಂದೆ ಬಂದರು. ಹೆಲೆನ್ ಕೌಂಟರಿನಿಂದ ಕಣ್ಣು ಕೆಕ್ಕರಿಸಿದಳು. ಸಂಜೆ ಬೈದಳು ಕೂಡ, ಆ ಮಾತು ಬೇರೆ. ಗಿರಣಿಯ ಬಾಯಿಗೆ ಜೋಳ ಸುರಿಯುವಾಗ ಅವರು ತಡೆಯಲಾರದೆ ಕೇಳಿದರು:

"ಮತ್ತ ಮೊದಲ ಆಗೂದಿಲ್ಲ ಅಂದ್ರಲ್ರೀ ಅಕ್ಕಾರ?"

"ಮೊದಲು ನಾನು ನಿಮ್ಮನ್ನು ಏನೂ ಕೇಳಿರಲಿಲ್ಲ," ಎಂದೆ.